ಹಳೇ ವಿ8 ತಗೊಳ್ಳೋದಾ, ಹೊಸ ಟರ್ಬೊ ತಗೊಳ್ಳೋದಾ? ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿ ಗೊಂದಲ

ದಾರಿಹೋಕ

ಎರಡು ತಿಂಗಳಿಂದ ಇದೇ ತಲೆನೋವು. ರಾತ್ರಿ ಕಣ್ಣು ಮುಚ್ಚಿದರೂ ಕಾರಿನ ಜಾಹೀರಾತುಗಳೇ ಬರುತ್ತವೆ. ಸೆಕೆಂಡ್ ಹ್ಯಾಂಡ್ ದೊಡ್ಡ ಎಸ್‌ಯುವಿ ಬೇಕು. ಮನೆಯಲ್ಲಿ ಆರು ಜನ, ಅಮ್ಮನಿಗೆ ಮಂಡಿ ನೋವು, ಚಿಕ್ಕವನಿಗೆ ನಾಲ್ಕು ತಿರುವು ಬಂದರೆ ಸಾಕು ವಾಂತಿ.

ಈಗ ಎರಡು ಗಾಡಿ ಕೈಗೆ ಸಿಗುವ ಹಾಗಿವೆ. ಒಂದು 2008ರ ಲೆಕ್ಸಸ್ ಜಿಎಕ್ಸ್ 470, 4.7 ಲೀಟರ್ ವಿ8 (ಎಂಟು ಸಿಲಿಂಡರ್) ಪೆಟ್ರೋಲ್, 2.1 ಲಕ್ಷ ಕಿಮೀ ಓಡಿದೆ. ಇನ್ನೊಂದು 2019ರ ಬಿಎಂಡಬ್ಲ್ಯೂ ಎಕ್ಸ್5, 3 ಲೀಟರ್ ಆರು ಸಿಲಿಂಡರ್ ಟರ್ಬೊ, 95 ಸಾವಿರ ಕಿಮೀ. ಎರಡರಲ್ಲೂ ಮೂರನೇ ಸಾಲಿನ ಸೀಟು ಇದೆ. ಮೊದಲನೆಯದು ತಗೊಂಡರೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಎರಡನೆಯದು ತಗೊಂಡರೆ ಜೇಬು ಪೂರ್ತಿ ಖಾಲಿ, ವಾರಂಟಿಯೂ ಮುಗಿದಿದೆ.

ವರ್ಷಕ್ಕೆ ಸುಮಾರು 15 ಸಾವಿರ ಕಿಮೀ ಓಡಿಸುತ್ತೇನೆ, ಬಹುಪಾಲು ಪೇಟೆಯಲ್ಲೇ, ವರ್ಷಕ್ಕೆ ಮೂರು ನಾಲ್ಕು ಸಲ ದೂರ, ಆಗೀಗ ಮಣ್ಣು ರಸ್ತೆ. ಓಡಿಸಿ ನೋಡಿದಾಗ ಹೊಸದೇ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಭಯ ಇದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ವಿ8 ಹುಚ್ಚ

ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರು? ಲೆಕ್ಸಸ್. ಬೇರೆ ಮಾತೇ ಇಲ್ಲ.

ಆ 4.7 ಎಂಜಿನ್ ಟೊಯೊಟಾ ಲ್ಯಾಂಡ್ ಕ್ರೂಸರ್ 100ರಲ್ಲೂ ಇದೆ. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, ಒತ್ತಡ ಇಲ್ಲ, ಸುಮ್ನೆ ಓಡುತ್ತಿರುತ್ತದೆ. ಒಂದೇ ಒಂದು ವಿಷಯ ನೆನಪಿಡಿ. ವಾಲ್ವ್ ಸಮಯಕ್ಕೆ ಸರಿಯಾಗಿ ತೆರೆದು ಮುಚ್ಚೋಕೆ ಅದಕ್ಕೆ ಟೈಮಿಂಗ್ ಚೈನ್ ಅಲ್ಲ, ಬೆಲ್ಟ್ ಇರೋದು. ಸುಮಾರು 1.45 ಲಕ್ಷ ಕಿಮೀಗೆ ಒಮ್ಮೆ ಬದಲಿಸಬೇಕು. 2.1 ಲಕ್ಷ ಓಡಿದೆ ಅಂದರೆ ಒಂದು ಸಲ ಆಗಿರಲೇಬೇಕು. ಆಗಿದೆ ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು, ಬಿಲ್ ಕೇಳಿ. ಬೆಲ್ಟ್ ಜೊತೆ ವಾಟರ್ ಪಂಪ್ ಕೂಡ ಹಾಕಿಸಿದ್ದಾರಾ ನೋಡಿ, ಯಾಕಂದರೆ ಎರಡಕ್ಕೂ ಬಿಚ್ಚುವ ಕೆಲಸ ಒಂದೇ.

ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ. ಲೋ ಗೇರ್ ಇದೆ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ. ನಿಮ್ಮ ಮಣ್ಣು ರಸ್ತೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಎರಡನೇ ಮಾಲೀಕ

ಹೊಸದರ ಬಗ್ಗೆ ನಿಮಗಿರುವ ಭಯ ಸರಿಯಾಗಿಯೇ ಇದೆ. ನನ್ನ ಅನುಭವ ಹೇಳುತ್ತೇನೆ, ಕಂಪನಿ ಹೆಸರು ಬೇಡ.

ಐದು ವರ್ಷ ಹಳೆಯ ಗಾಡಿ ತಗೊಂಡೆ. ವಾರಂಟಿ ಮುಗಿದು ನಾಲ್ಕು ತಿಂಗಳಾಗಿತ್ತು. ಏರ್ ಸಸ್ಪೆನ್ಶನ್ ಇತ್ತು, ಅಂದರೆ ಸ್ಪ್ರಿಂಗ್ ಬದಲು ಗಾಳಿ ಚೀಲ, ತೇಲಿಕೊಂಡು ಹೋಗುತ್ತಿತ್ತು, ಸುಖ ಅಂದರೆ ಸುಖ. ಒಂದು ದಿನ ಬೆಳಗ್ಗೆ ನೋಡಿದರೆ ಮುಂದಿನ ಎಡಗಡೆ ಮೂಲೆ ಕುಸಿದಿದೆ, ಒಂದು ಕಾಲು ಮಡಚಿ ಕೂತ ಒಂಟೆ ಥರ. ಸ್ಟಾರ್ಟ್ ಮಾಡಿದರೆ ಗುರ್ರ್ ಅಂತ ಶಬ್ದ ಬಂದು ಒಂದು ನಿಮಿಷದಲ್ಲಿ ಎದ್ದು ನಿಂತಿತು. ಎದ್ದಿತಲ್ಲ, ಸರಿಹೋಯಿತು ಅಂದುಕೊಂಡೆ. ಅಲ್ಲೇ ನಾನು ಕೆಟ್ಟೆ.

ಗಾಳಿ ಚೀಲದಲ್ಲಿ ಸಣ್ಣ ಸೀಳು ಇತ್ತಂತೆ. ಅದು ಸೋರಿದಷ್ಟೂ ಗಾಳಿ ತುಂಬುವ ಕಂಪ್ರೆಸರ್ ಓಡುತ್ತಲೇ ಇತ್ತು. ಒಂದೂವರೆ ತಿಂಗಳಲ್ಲಿ ಕಂಪ್ರೆಸರ್ ಸುಟ್ಟಿತು. ಒಂದು ಚೀಲದಲ್ಲಿ ಮುಗಿಯುತ್ತಿದ್ದ ಕೆಲಸ, ಚೀಲ, ಕಂಪ್ರೆಸರ್, ರಿಲೇ ಮೂರೂ ಆಗಿ ನನ್ನ ಎರಡು ತಿಂಗಳ ಸಂಬಳ ನುಂಗಿತು. ಅದು ರಿಪೇರಿಯಾದ ಮೂರನೇ ವಾರ ಬಲಗಡೆ ಮೂಲೆ ಕುಸಿಯಿತು. ಹೆಂಡತಿ ಏನೂ ಮಾತಾಡಲಿಲ್ಲ, ಅದೇ ಜಾಸ್ತಿ ಭಯ ಹುಟ್ಟಿಸಿತು.

ಗಾಡಿ ಕೆಟ್ಟದು ಅಂತ ಈಗಲೂ ಹೇಳಲ್ಲ. ತಗೊಂಡ ದಿನವೇ ರಿಪೇರಿಗೆ ಅಂತ ಬೇರೆ ದುಡ್ಡು ಎತ್ತಿಡಲಿಲ್ಲ, ತಪ್ಪು ನನ್ನದು. ನೀವು "ಜೇಬು ಖಾಲಿ" ಅಂತ ಬರೆದಿದ್ದೀರಲ್ಲ, ಆ ಎರಡು ಪದ ಓದಿ ನನಗೆ ಎದೆ ಧಸಕ್ ಅಂತು.

ಹಿಂದಿನ ಸೀಟು

ಎಲ್ಲರೂ ಎಂಜಿನ್ ಬಗ್ಗೆಯೇ ಮಾತಾಡುತ್ತೀರಿ, ಒಳಗೆ ಕೂರುವ ಆರು ಜನರ ಬಗ್ಗೆ ಯಾರೂ ಕೇಳಲಿಲ್ಲ.

2008ರ ಗಾಡಿಗೂ 2019ರ ಗಾಡಿಗೂ ಸುರಕ್ಷತೆಯಲ್ಲಿ ದೊಡ್ಡ ಅಂತರ ಇದೆ. ಅಮೆರಿಕದ ಐಐಎಚ್‌ಎಸ್ ಅನ್ನೋ ಸಂಸ್ಥೆ 2012ರಲ್ಲಿ ಹೊಸ ಪರೀಕ್ಷೆ ಶುರು ಮಾಡಿತು. ಗಾಡಿಯ ಮುಂಭಾಗದ ಕಾಲು ಭಾಗ ಮಾತ್ರ ಗಂಟೆಗೆ 64 ಕಿಮೀ ವೇಗದಲ್ಲಿ ಗಟ್ಟಿ ತಡೆಗೆ ಗುದ್ದಬೇಕು. ಮರಕ್ಕೋ ಕಂಬಕ್ಕೋ ಒಂದು ಪಕ್ಕದಲ್ಲಿ ಬಡಿದ ಹಾಗೆ. ಮೊದಲ ಸುತ್ತಿನಲ್ಲಿ 11 ಐಷಾರಾಮಿ ಸೆಡಾನ್‌ಗಳನ್ನು ಗುದ್ದಿಸಿದರು. ಪರವಾಗಿಲ್ಲ ಅನ್ನಿಸಿಕೊಂಡಿದ್ದು 3 ಮಾತ್ರ. ಉಳಿದ ದೊಡ್ಡ ದೊಡ್ಡ ಹೆಸರುಗಳೆಲ್ಲ ಫೇಲ್. ಅದಾದ ಮೇಲೆಯೇ ಕಂಪನಿಗಳು ಆ ಮೂಲೆಯನ್ನು ಗಟ್ಟಿ ಮಾಡಿದ್ದು. ಅದಕ್ಕೂ ಮುಂಚೆ ವಿನ್ಯಾಸವಾದ ಗಾಡಿಗೆ ಈ ಪರೀಕ್ಷೆಯ ಗಾಳಿಯೂ ಬಿದ್ದಿಲ್ಲ.

ಇನ್ನು ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ನನ್ನ ಗಾಡಿಯಲ್ಲಿದೆ. ಹಿಂದಿನ ಸೀಟಿನಲ್ಲಿ ಮಗಳ ನೀರಿನ ಬಾಟಲಿ ಬಿತ್ತು ಅಂತ ಅರ್ಧ ಸೆಕೆಂಡ್ ತಿರುಗಿದೆ, ಅಷ್ಟರಲ್ಲಿ ಮುಂದಿನವರು ನಿಂತಿದ್ದರು. ಗಾಡಿ ತಾನೇ ನಿಂತಿತು. ನಡುವೆ ಒಂದು ಮೊಳ ಜಾಗ ಇತ್ತು. ಅವತ್ತಿನಿಂದ ಈ ವಿಷಯದಲ್ಲಿ ನಾನು ವಾದ ಮಾಡಲ್ಲ.

ವಿ8 ಹುಚ್ಚ

ಅಕ್ಕ, ತೂಕದ ಗಾಡಿ ಅದು, ಎದುರಿನವನಿಗೇ ಜಾಸ್ತಿ ಪೆಟ್ಟು.

ಹಿಂದಿನ ಸೀಟು

ಮರಕ್ಕೆ ಗುದ್ದಿದರೆ ಮರಕ್ಕೆ ಜಾಸ್ತಿ ಪೆಟ್ಟಾ?

ಲೆಕ್ಕದವ

😀 ಇದಕ್ಕೆ ಉತ್ತರ ಇಲ್ಲ ಬಿಡಿ.

ನನ್ನ ಮಾತು ದುಡ್ಡಿನ ಬಗ್ಗೆ. ಮೊದಲು ಪೆಟ್ರೋಲ್. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಕೊಡುವ ಮೈಲೇಜ್ ಅಂಕಿ ಹಿಡಿದರೆ ಜಿಎಕ್ಸ್ 470 ಲೀಟರಿಗೆ ಸರಾಸರಿ 6.4 ಕಿಮೀ ಕೊಡುತ್ತದೆ, ಎಕ್ಸ್5 ಆರು ಸಿಲಿಂಡರ್ 9.4ರ ಹತ್ತಿರ. ವರ್ಷಕ್ಕೆ 15 ಸಾವಿರ ಕಿಮೀ ಅಂದರೆ ಒಂದಕ್ಕೆ 2,340 ಲೀಟರ್, ಇನ್ನೊಂದಕ್ಕೆ 1,600. ವ್ಯತ್ಯಾಸ ಸುಮಾರು 750 ಲೀಟರ್. ನಿಮ್ಮಲ್ಲಿನ ದರಕ್ಕೆ ಗುಣಿಸಿಕೊಳ್ಳಿ. ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ 2019ರ ಗಾಡಿ ಇನ್ನು ಮೂರು ವರ್ಷದಲ್ಲಿ ಕಳೆದುಕೊಳ್ಳುವ ಬೆಲೆಯ ಪಕ್ಕದಲ್ಲಿಟ್ಟು ನೋಡಿ. 2008ರದ್ದು ಬೀಳುವಷ್ಟು ಆಗಲೇ ಬಿದ್ದಾಗಿದೆ, ಇನ್ನು ನೆಲ ಬಿಟ್ಟು ಎಲ್ಲಿಗೆ ಬೀಳುತ್ತದೆ?

ಇನ್ನೊಂದು ವಿಷಯ, ಎಲ್ಲರೂ ಮರೆಯೋದು. ಗಾಡಿಯ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯಲ್ಲ. ಹೊಸದರಲ್ಲಿ 100 ಇದ್ದ ಗಾಡಿ ಈಗ 30ಕ್ಕೆ ಸಿಕ್ಕಿರಬಹುದು. ಅದರ ಹೆಡ್‌ಲೈಟ್, ಅದರ ಗೇರ್‌ಬಾಕ್ಸ್, ಅದರ ಸ್ಕ್ರೀನ್ ಇವತ್ತಿಗೂ 100ರ ಗಾಡಿಯದ್ದೇ. ನೀವು ತಗೊಳ್ಳೋದು 30ರ ಗಾಡಿ, ಸಾಕೋದು 100ರ ಗಾಡಿ. ಇದು ಹಳೆಯದಕ್ಕೂ ಅನ್ವಯಿಸುತ್ತದೆ, ಹೊಸದಕ್ಕೂ. ಹೊಸದರಲ್ಲಿ ಕೆಡಬಹುದಾದ ವಸ್ತುಗಳ ಸಂಖ್ಯೆ ಮಾತ್ರ ಜಾಸ್ತಿ.

ಗ್ರೀಸ್ ಕೈ

20 ವರ್ಷದಿಂದ ಇಂಥ ಗಾಡಿಗಳ ಕೆಳಗೆ ಮಲಗಿ ಎದ್ದವನು ನಾನು. ಸಮಾಧಾನವಾಗಿ ಓದಿ, ಸ್ವಲ್ಪ ಉದ್ದ ಆಗುತ್ತದೆ.

ಹಳೆಯದಾ ಹೊಸದಾ ಅನ್ನೋ ಪ್ರಶ್ನೆಯೇ ಅರ್ಧ ತಪ್ಪು. ನಾನು ಕೇಳೋದು, ಈ ಗಾಡಿಯ ರೋಗ ಏನು ಅಂತ ಗೊತ್ತಾ? ಆ ರೋಗಕ್ಕೆ ಔಷಧಿ ಆಗಿದೆಯಾ? ಪೋರ್ಶೆ ಕಯೆನ್ ಮೊದಲ ಪೀಳಿಗೆ ನೋಡಿ, 2003ರಿಂದ 2006ರ ವಿ8. ಕೂಲಂಟ್ (ಎಂಜಿನ್ ತಣಿಸುವ ದ್ರವ) ಹರಿಯುವ ಪೈಪುಗಳು ಪ್ಲಾಸ್ಟಿಕ್, ಅವು ಇರೋದು ಎಂಜಿನ್ನಿನ ನೆತ್ತಿಯ ಮೇಲೆ, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ಬಿಸಿ ಜಾಗದಲ್ಲಿ. ಕೆಲವು ವರ್ಷದಲ್ಲಿ ಬಿಸ್ಕತ್ತಿನ ಥರ ಪುಡಿಯಾಗುತ್ತವೆ. ಆಗ ಎಲ್ಲರೂ ಬೈದರು. ಆಮೇಲೆ ಅಲ್ಯೂಮಿನಿಯಂ ಪೈಪ್ ಬಂದವು. ಒಂದು ಸಲ ಹಾಕಿಸಿದರೆ ಆ ತಲೆನೋವು ಮುಗಿಯಿತು. ಹೀಗೆ ಹಳೇ ಗಾಡಿಯ ರೋಗವೂ ಊರಿಗೆಲ್ಲ ಗೊತ್ತಿರುತ್ತದೆ, ಔಷಧಿಯೂ ಗೊತ್ತಿರುತ್ತದೆ. 2019ರ ಗಾಡಿ 15 ವರ್ಷ ಆದಾಗ ಎಲ್ಲಿ ನೋಯುತ್ತದೆ ಅಂತ ನನಗೂ ಗೊತ್ತಿಲ್ಲ, ಮಾಡಿದವರಿಗೂ ಗೊತ್ತಿಲ್ಲ.

ಹಾಗಂತ ಎಕ್ಸ್5 ಎಂಜಿನ್ ಕೆಟ್ಟದಲ್ಲ. ಆ ಆರು ಸಿಲಿಂಡರ್ 2015ರಲ್ಲಿ ಬಂದಿದ್ದು, ಬಿಎಂಡಬ್ಲ್ಯೂ ಟರ್ಬೊ ಎಂಜಿನ್‌ಗಳ ಪೈಕಿ ಗಟ್ಟಿಯಾದದ್ದು ಅಂತ ಹೆಸರಿದೆ. ಅದೇ ಬಾಡಿಯಲ್ಲಿ ವಿ8 ಟರ್ಬೊ ಇದ್ದಿದ್ದರೆ ಬೇರೆ ಮಾತಾಡುತ್ತಿದ್ದೆ. ಇದರ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ. ಅಲ್ಲಿ ಏನಾದರೂ ಆದರೆ ಕೈ ಹಾಕೋದು ಸುಲಭ ಅಲ್ಲ. ಆಯಿಲ್ ಸಮಯಕ್ಕೆ ಬದಲಿಸಿದ್ದರೆ ಆ ಪ್ರಶ್ನೆ ಬರೋದೂ ಅಪರೂಪ.

ಗೇರ್‌ಬಾಕ್ಸ್ ಝಡ್‌ಎಫ್ 8 ಸ್ಪೀಡ್. ಕಾರಿನ ಕಂಪನಿ "ಲೈಫ್‌ಟೈಮ್ ಆಯಿಲ್, ಬದಲಿಸೋದು ಬೇಡ" ಅನ್ನುತ್ತದೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಮಾತ್ರ 80 ಸಾವಿರದಿಂದ 1.2 ಲಕ್ಷ ಕಿಮೀ ಒಳಗೆ ಬದಲಿಸಿ ಅನ್ನುತ್ತದೆ. ಯಾರ ಮಾತು ಕೇಳಬೇಕು ನೀವೇ ಹೇಳಿ. 95 ಸಾವಿರ ಓಡಿದ ಗಾಡಿಯಲ್ಲಿ ನಾನು ಮೊದಲು ಕೇಳೋದೇ ಇದು.

ಈಗ ನೋಡೋಕೆ ಹೋದಾಗ ಏನು ಮಾಡಬೇಕು. ಮಾರುವವರಿಗೆ ಮೊದಲೇ ಹೇಳಿ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅನುಮಾನ ಪಡಿ, ಎಂಜಿನ್‌ನ ಗುಟ್ಟು ಹೊರಬೀಳೋದು ತಣ್ಣಗಿದ್ದಾಗಲೇ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ "ಒಂದೂ ಫಾಲ್ಟ್ ಕೋಡ್ ಇಲ್ಲ" ಅಂತ ಬಂದರೆ ಖುಷಿಪಡಬೇಡಿ. ಪಕ್ಕದಲ್ಲಿ ರೆಡಿನೆಸ್ ಅಂತ ಇನ್ನೊಂದು ಪಟ್ಟಿ ಇರುತ್ತದೆ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕ. ಅದರಲ್ಲಿ ಹಲವು ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ತೋರಿಸಿದರೆ, ಮೊನ್ನೆ ಮೊನ್ನೆ ಬ್ಯಾಟರಿ ಬಿಚ್ಚಿದ್ದಾರೆ ಇಲ್ಲವೇ ಕೋಡ್ ಅಳಿಸಿದ್ದಾರೆ. ಸನ್‌ರೂಫ್ ಇದ್ದರೆ ಕಾರ್ಪೆಟ್ ಕೆಳಗೆ ಬೆರಳು ತೂರಿಸಿ. ನೀರು ಹೊರಗೆ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ, ಇಂಥ ಗಾಡಿಗಳಲ್ಲಿ ಎಷ್ಟೋ ಸಲ ಕಂಪ್ಯೂಟರ್ ಪೆಟ್ಟಿಗೆ, ವೈರಿಂಗ್ ಅಲ್ಲೇ ಇರುತ್ತವೆ.

ಟೈರ್ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರ. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಬೇರೆ ಬೇರೆ ಟೈರ್ ಹಾಕಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೇ ಸವೆಯುತ್ತದೆ. ಟೈರಿಗೆ ಕಂಜೂಸ್ ಮಾಡಿದವನು ಆಯಿಲಿಗೆ ಧಾರಾಳ ಮಾಡಿರಲ್ಲ.

ಹಳೆಯದಕ್ಕೆ ಇನ್ನೆರಡು. 17 ಅಂಕಿ ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ರೀಕಾಲ್ ನೋಡಿ, ಅಂದರೆ ದೋಷ ಸರಿಪಡಿಸೋಕೆ ಕಂಪನಿ ವಾಪಸ್ ಕರೆದಿದೆಯಾ ಅಂತ, ಆ ಕಾಲದಲ್ಲಿ ಎಷ್ಟೋ ಕಂಪನಿಗಳು ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿಸಬಹುದಾದ ಟಕಾಟಾ ಏರ್‌ಬ್ಯಾಗ್ ಹಾಕಿದ್ದವು. ಕೆಳಗೆ ನುಗ್ಗಿ ಚಾಸಿ ನೋಡಿ. ಹಿಮಕ್ಕೆ ಉಪ್ಪು ಎರಚುವ ಕಡೆ ಅಥವಾ ಸಮುದ್ರದ ಪಕ್ಕ ಓಡಿದ ಗಾಡಿಯಾದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಚಾಸಿ ತುಕ್ಕು ಹಿಡಿದಿದ್ದರೆ ಮುಗಿಯಿತು.

ಎರಡನೇ ಮಾಲೀಕ

ಇದನ್ನು ಮೂರು ವರ್ಷ ಮುಂಚೆ ಬರೆದಿದ್ದರೆ ಏನಾಗುತ್ತಿತ್ತು ಅಣ್ಣ?

ಗ್ರೀಸ್ ಕೈ

ಬರೆದಿದ್ದರೂ ನೀವು ತಗೋತಿದ್ದಿರಿ. ಏರ್ ಸಸ್ಪೆನ್ಶನ್ ಮೇಲೆ ಒಂದು ಸಲ ಕೂತವರು ಯಾರ ಮಾತೂ ಕೇಳಲ್ಲ.

ಅಂದಹಾಗೆ ಜಿಎಕ್ಸ್ 470ಕ್ಕೂ ಹಿಂದುಗಡೆ ಏರ್ ಸ್ಪ್ರಿಂಗೇ. ಆದರೆ ಸೋರಿದರೆ ಅದರ ಜಾಗಕ್ಕೆ ಸಾಮಾನ್ಯ ಕಾಯಿಲ್ ಸ್ಪ್ರಿಂಗ್ ಹಾಕಿಕೊಂಡು ಆರಾಮವಾಗಿ ಓಡಿಸುತ್ತಾರೆ. ಕಂಪ್ಯೂಟರ್ ಜೊತೆ ಜಗಳ ಜಾಸ್ತಿ ಇಲ್ಲ.

ದಾರಿಹೋಕ

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ಹಾಗಾಗಿದೆ ನನ್ನ ಸ್ಥಿತಿ. ಹಿಂದಿನ ಸೀಟಿನವರ ಮಾತು ಓದಿ ಹೊಸದು ಅನ್ನಿಸುತ್ತದೆ, ಲೆಕ್ಕದವರದ್ದು ಓದಿ ಹಳೆಯದು ಅನ್ನಿಸುತ್ತದೆ. ಹೆಂಡತಿಗೆ ತೋರಿಸಿದೆ. "ಎರಡೂ ಬೇಡ, ಆಟೋದಲ್ಲಿ ಹೋಗೋಣ" ಅಂದಳು.

ಲೆಕ್ಕದವ

ನಡುವಿನದು ಯಾಕೆ ನೋಡಬಾರದು? 2010ರಿಂದ 2014ರ ಆಸುಪಾಸಿನದು. ಲೆಕ್ಸಸ್‌ನದೇ ಜಿಎಕ್ಸ್ 460, 470ರ ನಂತರ ಬಂದಿದ್ದು. 4.6 ಲೀಟರ್ ವಿ8, ಬೆಲ್ಟ್ ಬದಲು ಚೈನ್, 6 ಸ್ಪೀಡ್. ಲೀಟರಿಗೆ 7 ಕಿಮೀ ದಾಟುತ್ತದೆ. 2023ರ ತನಕ ಅದೇ ಗಾಡಿ ಮಾಡುತ್ತಿದ್ದರು, ಹಾಗಾಗಿ ಬಿಡಿಭಾಗಕ್ಕೆ ಚಿಂತೆ ಕಡಿಮೆ.

ವಿ8 ಹುಚ್ಚ

ಒಪ್ಪಿದೆ. ಆದರೆ ಮೊದಲ ವರ್ಷದ್ದು ಪಲ್ಟಿ ಹೊಡೆಯುತ್ತದೆ ಅಂತ ದೊಡ್ಡ ಗಲಾಟೆ ಆಗಿತ್ತಲ್ವಾ?

ಗ್ರೀಸ್ ಕೈ

ಪಲ್ಟಿ ಹೊಡೆದಿದ್ದಲ್ಲ. 2010ರ ಏಪ್ರಿಲ್‌ನಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು ವೇಗವಾಗಿ ತಿರುಗಿಸುತ್ತ ಆಕ್ಸಿಲರೇಟರ್ ಬಿಟ್ಟರು, ಹಿಂಬದಿ ಜಾರಿ ಅಡ್ಡಕ್ಕೆ ತಿರುಗಿತು. "ಇದನ್ನು ಕೊಳ್ಳಬೇಡಿ" ಅಂತ ಬರೆದರು. ಲೆಕ್ಸಸ್ ಕೂಡಲೇ ಮಾರಾಟ ನಿಲ್ಲಿಸಿ, ಗಾಡಿ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಸಾಫ್ಟ್‌ವೇರ್ ತಿದ್ದಿತು, ಪತ್ರಿಕೆ ಮತ್ತೆ ಪರೀಕ್ಷೆ ಮಾಡಿ ಎಚ್ಚರಿಕೆ ತೆಗೆಯಿತು. ಒಂದು ನಟ್ಟೂ ಬದಲಾಗಲಿಲ್ಲ. ಹಳೇ ಗಾಡಿ ಅಂದರೆ ಕಂಪ್ಯೂಟರ್ ಇಲ್ಲದ್ದು ಅಂತ ತಿಳಿದವರು ಇದನ್ನು ನೆನಪಿಡಬೇಕು.

460ರಲ್ಲಿ ನೋಡಬೇಕಾದ್ದು ಬೇರೆ. ಎಂಜಿನ್‌ನ ಎರಡು ಸಿಲಿಂಡರ್ ಸಾಲಿನ ನಡುವಿನ ತಗ್ಗಿಗೆ ಟಾರ್ಚ್ ಬಿಡಿ. ಒಣಗಿದ ಗುಲಾಬಿ ಬಣ್ಣದ ಪುಡಿ ಕಂಡರೆ ಅಲ್ಲಿ ಕೂಲಂಟ್ ಸೋರುತ್ತಿದೆ. ಬಿಚ್ಚಿ ಸರಿ ಮಾಡೋದು ದೊಡ್ಡ ಕೆಲಸ. ಇನ್ನೊಂದು ಸೆಕೆಂಡರಿ ಏರ್ ಪಂಪ್, ಹೊಗೆಯ ದಾರಿಗೆ ಗಾಳಿ ಊದೋದು, ತಣ್ಣಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಓಡುವಂಥದ್ದು. ಅದು ಕೆಟ್ಟರೆ ಗಾಡಿ ಶಕ್ತಿ ಕಡಿಮೆ ಮಾಡಿಕೊಂಡು ತೆವಳುತ್ತದೆ.

ದಾರಿಹೋಕ

ಮೂರು ವಾರ ಆಯಿತು, ಆಗಿದ್ದು ಹೇಳುತ್ತೇನೆ.

2008ರದ್ದಕ್ಕೆ ಬೆಳಗ್ಗೆ ಏಳಕ್ಕೇ ಹೋದೆ. ಬಾನೆಟ್ ಬೆಚ್ಚಗಿತ್ತು. "ತೊಳೆಯೋಕೆ ಆಚೆ ತೆಗೆದೆ" ಅಂದರು. ಸರಿ ಅಂತ ಮಾರನೇ ದಿನ ಆರಕ್ಕೆ ಹೋದೆ. ತಣ್ಣಗಿತ್ತು, ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಬೆಲ್ಟಿನ ಬಿಲ್ಲೂ ಇತ್ತು. ಮನಸ್ಸು ಅರ್ಧ ಒಪ್ಪಿತ್ತು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಕೆಳಗೆ ಹೋದ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ಮುಟ್ಟಿದರೆ ಕೈಗೆ ಅಂಟುವಷ್ಟು ಹೊಸದು. ಸಣ್ಣ ಸುತ್ತಿಗೆಯಲ್ಲಿ ಹಿಂದಿನ ಚಕ್ರದ ಹತ್ತಿರ ಎರಡು ಸಲ ತಟ್ಟಿದ. ಟಣ್ ಅನ್ನಬೇಕಿತ್ತು, ದಪ್ ಅಂತು. ಆಮೇಲೆ ಹಪ್ಪಳದಂಥ ತುಕ್ಕಿನ ಹೋಳು ಅವನ ಮುಖದ ಮೇಲೇ ಬಿತ್ತು. ಅವನು ಕಣ್ಣು ಒರೆಸಿಕೊಂಡು ಹೊರಗೆ ಬಂದ, ನಾವು ನಮಸ್ಕಾರ ಹೇಳಿ ಬಂದೆವು.

ಎಕ್ಸ್5 ಎರಡೇ ನಿಮಿಷದಲ್ಲಿ ಮುಗಿಯಿತು. ಸ್ಕ್ಯಾನರ್‌ನಲ್ಲಿ ಕೋಡ್ ಒಂದೂ ಇಲ್ಲ, ರೆಡಿನೆಸ್ ಬಹುಪಾಲು ಅಪೂರ್ಣ. ಹಿಂದಿನ ಎರಡು ಟೈರ್ ಎರಡು ಕಂಪನಿಯವು. ಗಾಡಿಯ ತಪ್ಪಲ್ಲ, ಇಟ್ಟುಕೊಂಡವರ ತಪ್ಪು. ಒಂದು ವಾರ ಓಡಿಸಿ ಆಮೇಲೆ ತೋರಿಸಿ ಅಂದೆ, ಫೋನ್ ಎತ್ತೋದು ನಿಲ್ಲಿಸಿದರು.

ಆಮೇಲೆ ಲೆಕ್ಕದವರ ಮಾತಿನಂತೆ ಹುಡುಕಿದೆ. 2013ರ ಜಿಎಕ್ಸ್ 460, ಒಬ್ಬರೇ ಮಾಲೀಕರು, 1.38 ಲಕ್ಷ ಕಿಮೀ. ವಯಸ್ಸಾದವರು. ಗ್ಲೋವ್ ಬಾಕ್ಸಿನಿಂದ ಒಂದು ನೋಟ್‌ಬುಕ್ ತೆಗೆದರು, ಪ್ರತಿ ಆಯಿಲ್ ಚೇಂಜ್, ಪ್ರತಿ ಬಲ್ಬ್, ತಾರೀಕು, ಕಿಮೀ, ಎಲ್ಲ ನೀಲಿ ಇಂಕಿನಲ್ಲಿ. ಒಂದು ಕಡೆ "ವೈಪರ್ ಬೇಗ ಹೋಯಿತು, ಈ ಕಂಪನಿ ಬೇಡ" ಅಂತಲೂ ಬರೆದಿದ್ದರು. ಟಾರ್ಚ್ ಬಿಟ್ಟು ನೋಡಿದೆವು, ಗುಲಾಬಿ ಪುಡಿ ಇಲ್ಲ. ಅಮ್ಮ ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿ ಹಿಡಿದು, ಒಂದೇ ಸಲಕ್ಕೆ ಹತ್ತಿ ಕೂತರು. ಇಳಿಯೋಕೆ ಮಾತ್ರ ಕೈ ಕೊಡಬೇಕು.

ತಗೊಂಡೆ. ತಾನೇ ಬ್ರೇಕ್ ಹಾಕೋದು ಇದರಲ್ಲಿಲ್ಲ, ಆ ಕೊರಗು ಇದೆ, ಹಿಂದಿನ ಸೀಟಿನವರು ಬೈಯಬಹುದು. ಓಡಿಸೋಕೆ ಎಕ್ಸ್5ರ ಮಜಾ ಇಲ್ಲ, ತಿರುವಿನಲ್ಲಿ ದೋಣಿ ಥರ ವಾಲುತ್ತದೆ, ಚಿಕ್ಕವನು ಈಗಾಗಲೇ ಒಂದು ಸಲ ವಾಂತಿ ಮಾಡಿಯಾಯಿತು. ಆದರೆ ಮೂರನೇ ಒಂದು ಭಾಗ ದುಡ್ಡು ಮಿಕ್ಕಿದೆ, ಅದನ್ನು ಬೇರೆ ಖಾತೆಗೆ ಹಾಕಿ ಹೆಂಡತಿಗೂ ಹೇಳಿಲ್ಲ... ಹೇಳಿದ್ದೇನೆ ಹೇಳಿದ್ದೇನೆ.

ಹಿಂದಿನ ಸೀಟು

ಬೈಯಲ್ಲ. ನಾಲ್ಕು ಹೊಸ ಟೈರ್ ಹಾಕಿಸಿ, ಮುಂದಿನ ಗಾಡಿಯಿಂದ ದೂರ ಇಟ್ಟು ಓಡಿಸಿ. ಚಿಕ್ಕವನನ್ನು ಮೂರನೇ ಸಾಲಿನಲ್ಲಿ ಕೂರಿಸಬೇಡಿ, ಮಧ್ಯದ ಸಾಲಿನಲ್ಲಿ ಮುಂದೆ ರಸ್ತೆ ಕಾಣುವ ಹಾಗೆ ಕೂರಿಸಿ.

ದಾರಿಹೋಕ

ಆಗಲಿ. ಕೊನೆಯ ಪ್ರಶ್ನೆ, ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ, ಗೇರ್ ಆಯಿಲ್ ಬದಲಿಸಿದ್ದು ಮಾತ್ರ ಎಲ್ಲೂ ಇಲ್ಲ. ಪೂರ್ತಿ ಫ್ಲಶ್ ಮಾಡಿಸೋದಾ?

ಗ್ರೀಸ್ ಕೈ

ಮಷಿನ್ ಹಾಕಿ ಫ್ಲಶ್ ಬೇಡ. ಡ್ರೈನ್ ಮಾಡಿ, ಎಷ್ಟು ಬಂತೋ ಅಳೆದು ಅಷ್ಟೇ ಹೊಸದು ತುಂಬಿಸಿ. ಕೆಲವು ಸಾವಿರ ಕಿಮೀ ಓಡಿಸಿ ಇನ್ನೊಂದು ಸಲ ಹಾಗೇ ಮಾಡಿ. ಅದಕ್ಕೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇಲ್ಲ, ಆಯಿಲ್ ಸರಿಯಾದ ಬಿಸಿಗೆ ಬಂದಾಗ ಲೆವೆಲ್ ನೋಡಬೇಕು, ಅದು ಗೊತ್ತಿರುವವರ ಹತ್ತಿರವೇ ಹೋಗಿ. ಹಳೇ ಆಯಿಲ್ ಒಂದು ಬಿಳಿ ಕಾಗದದ ಮೇಲೆ ಎರಡು ಹನಿ ಬಿಟ್ಟು ಫೋಟೋ ಹಾಕಿ, ಬಣ್ಣ ನೋಡಿ ಹೇಳುತ್ತೇನೆ. ನೋಟ್‌ಬುಕ್ಕಿನಲ್ಲೂ ಬರೆದಿಡಿ, ನೀಲಿ ಇಂಕಿನಲ್ಲೇ.